ಸ್ವಾಮಿಗಳು ಕೇಳಿದ ಪ್ರಶ್ನೆ

ಭಾನುವಾರ ಬೆಳಗಾದರೆ ತಾಂಬರಂನ ಆ ಮನೆಯಲ್ಲಿ ಮೂರು ಭಾಷೆಗಳು ಒಟ್ಟಿಗೇ ಎದ್ದು ಕೂರುತ್ತಿದ್ದವು. ದೇವರ ಕೋಣೆಯಲ್ಲಿ ಜಯಲಕ್ಷ್ಮಮ್ಮ ಸಂಸ್ಕೃತದ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಸೊಸೆ ತುಂಗಾ ಬಾಗಿಲಲ್ಲಿ ನಿಂತು ಸೊಪ್ಪಿನವಳ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದಳು. ಮಗ ಸುಘೋಷ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕನ್ನಡದಲ್ಲಿ ಬರೆಯುತ್ತಿದ್ದ. ಮೊಮ್ಮಗಳು ರಂಜನಿ ಮಾತ್ರ ಬಿಸಿಲು ಹಾಸಿಗೆಗೆ ಬರುವವರೆಗೂ ಯಾವ ಭಾಷೆಯಲ್ಲೂ ಏಳುತ್ತಿರಲಿಲ್ಲ.

"ಏನೋ ಬರೀತಿದೀಯಾ ಅಷ್ಟು ಹೊತ್ತಿಂದ? ಕಾಫಿ ಆರಿಹೋಯ್ತು," ಎಂದು ತಾಯಿ ಕೂಗುತ್ತಿದ್ದರು.

"ನಿನ್ನ ದೇವರನ್ನ ಬೈತಿದಾನೆ ಅಜ್ಜಿ," ಎಂದು ರಂಜನಿ ಹಾಸಿಗೆಯಿಂದಲೇ ಚಾಡಿ ಹೇಳುತ್ತಿದ್ದಳು.

"ಬೈಯಲಿ ಬಿಡು. ಅವನು ಬೈಯೋದನ್ನ ಕೇಳಿಕೊಳ್ಳೋದಕ್ಕೆ ದೇವರಿಗೆ ಪುರುಸೊತ್ತಿದ್ರೆ ಕೇಳಿಕೋತಾನೆ."

ಜಯಲಕ್ಷ್ಮಮ್ಮ ಅಂಥವರು. ಮೂರು ತಲೆಮಾರಿನ ಹಿಂದೆ ಮದರಾಸಿಗೆ ಬಂದು ನೆಲೆನಿಂತ ವೈಷ್ಣವ ಮನೆತನದ ಸೊಸೆ. ಗಂಡ ತೀರಿಕೊಂಡ ಮೇಲೆ ಮಠದ ಭಜನಾ ಮಂಡಳಿಯೇ ಅವರಿಗೆ ತವರಾಯಿತು. ಶುಕ್ರವಾರ ಸಂಜೆ ತಾಳ ಹಿಡಿದು ಮುಂದಿನ ಸಾಲಿನಲ್ಲಿ ಕೂತರೆ ಮಂಡಿನೋವೂ ಸಕ್ಕರೆ ಕಾಯಿಲೆಯೂ ನೆನಪಾಗುತ್ತಿರಲಿಲ್ಲ. ಮಗ ದೇವರನ್ನು ಒಪ್ಪುವುದಿಲ್ಲ ಎಂಬುದು ಗೊತ್ತಿತ್ತು. ತಾನು ಒಪ್ಪಿದ್ದರಲ್ಲಿ ಅವನು ಕೈಹಾಕದಿದ್ದರೆ ಅವರಿಗೆ ಸಾಕಿತ್ತು.

ಸುಘೋಷ ಎಗ್ಮೋರಿನ ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ಎಲೆಕ್ಟ್ರಿಕ್ ಟ್ರೇನಿನಲ್ಲಿ ಹೋಗಿಬರುವಾಗ ಓದುತ್ತಿದ್ದ, ರಜೆಯ ದಿನ ಬರೆಯುತ್ತಿದ್ದ. ಮಾಂಬಲಂನಲ್ಲಿ ಕಿಟ್ಟಣ್ಣನೆಂಬ ಕುಂದಾಪುರದ ಕಡೆಯವರ ಸಸ್ಯಾಹಾರಿ ಹೋಟೆಲೊಂದಿತ್ತು. ಅದರ ಮಹಡಿಯ ಮೇಲೆ ತಿಂಗಳಿಗೊಮ್ಮೆ ಕನ್ನಡ ಓದುವವರು ಸೇರುತ್ತಿದ್ದರು: ನಿವೃತ್ತ ಬ್ಯಾಂಕಿನವರು, ಪೆರುಂಗುಡಿಯ ಕಚೇರಿಗಳ ಹುಡುಗ ಹುಡುಗಿಯರು, ಕಾಲೇಜಿನ ಕೆಲವು ಮಕ್ಕಳು. ಬಳಗದ ಹೆಸರು 'ಪಡಸಾಲೆ'. ಅವರು ಹೊರಡಿಸುತ್ತಿದ್ದ ತೆಳ್ಳನೆಯ ಮಾಸಪತ್ರಿಕೆಗೂ ಅದೇ ಹೆಸರು. ಮಠಗಳಲ್ಲಿ ಪಂಕ್ತಿ ಬೇರೆ ಮಾಡುವುದನ್ನು, ಚುನಾವಣೆ ಬಂದಾಗ ಗುರುಗಳ ಪಾದ ಹಿಡಿಯುವ ಮುಖಂಡರನ್ನು ಆ ಪತ್ರಿಕೆ ಹೆಸರು ಹಿಡಿಯದೆ, ಆದರೆ ಹೆದರದೆ ಕೆಣಕುತ್ತಿತ್ತು. ಹೆಚ್ಚಿನದನ್ನು ಬರೆಯುತ್ತಿದ್ದವನು ಸುಘೋಷ. ಓದುತ್ತಿದ್ದವರು ಕೆಲವರೇ, ಆದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆಯಾದದ್ದು ಮುದ್ರೆಯ ಲೇಖನದಿಂದ.

ಆಷಾಢದ ಏಕಾದಶಿಯಂದು ಅವರ ಮಠದಲ್ಲಿ ಮುದ್ರಾಧಾರಣೆ ನಡೆಯುತ್ತದೆ. ಹೋಮದ ಬೆಂಕಿಯಲ್ಲಿ ಶಂಖ ಚಕ್ರಗಳ ಲೋಹದ ಅಚ್ಚನ್ನು ಕಾಯಿಸಿ ಸ್ವಾಮಿಗಳು ಭಕ್ತರ ಮೈಮೇಲೆ ಒತ್ತುತ್ತಾರೆ, ಗಂಡಸರಿಗೆ ತೋಳು, ಎದೆ, ಹೊಟ್ಟೆ, ಹೆಂಗಸರಿಗೆ ಮುಂಗೈ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಗಟ್ಟಿಮುಟ್ಟಾದವರಿಗೆ ಕೆಲವು ದಿನದಲ್ಲಿ ಮಾಯ್ದುಹೋಗುತ್ತದೆ, ಗುರುತು ಉಳಿದರೆ ಪುಣ್ಯ ಉಳಿಯಿತೆಂದು ಸಂತೋಷಪಡುತ್ತಾರೆ. ಆದರೆ ಹಿಂದಿನ ವರ್ಷ ಸುಘೋಷ ನೋಡಿದ್ದು ಬೇರೆ. ಬಂಧುಗಳೊಬ್ಬರು ಇನ್ನೂ ಅನ್ನಪ್ರಾಶನವಾಗದ ಕೂಸನ್ನು ತಂದು ಹೊಟ್ಟೆಯ ಮೇಲೆ ಮುದ್ರೆ ಹಾಕಿಸಿದರು. ಆ ಕೂಸು ಒಂದು ಕ್ಷಣ ಅಳುವುದನ್ನೇ ಮರೆತು ಬಾಯಿ ತೆರೆದುಕೊಂಡು ತಾಯಿಯ ಮುಖ ನೋಡಿತು. ತಾಯಿ ನಗುತ್ತಿದ್ದಳು. ಆಮೇಲೆ ಅದು ಅತ್ತದ್ದನ್ನು ಭಜನೆಯ ಸದ್ದು ಮುಚ್ಚಿತು.

ಆ ಮುಖ ಅವನನ್ನು ವರ್ಷವಿಡೀ ಬಿಡಲಿಲ್ಲ. ಈ ವರ್ಷ ಆಷಾಢ ಹತ್ತಿರ ಬಂದಾಗ ಬರೆದ. ನಂಬುವವರು ಹಾಕಿಸಿಕೊಳ್ಳಲಿ, ಬಾಯಿ ಬಾರದ ಕೂಸಿನ ಪರವಾಗಿ ಹೂಂ ಎಂದವರು ಯಾರು? ಸಕ್ಕರೆ ಕಾಯಿಲೆಯ ಮುದುಕರ ಕೈಗೆ ಕಾದ ಲೋಹ ಒತ್ತುವ ಮುಂಚೆ, ನಿನಗೆ ಕಾಯಿಲೆ ಇದೆಯೇ ಎಂದು ಒಂದು ಮಾತು ಕೇಳಿದವರು ಯಾರು? ಆ ಒಂದು ಪ್ರಶ್ನೆ ಕೇಳುವುದರಿಂದ ಯಾವ ಶಾಸ್ತ್ರ ಕೆಡುತ್ತದೆ?

ಅವನದೇ ಮನೆಯಲ್ಲಿ ಅದಕ್ಕೆ ಕಾರಣವಿತ್ತು. ಒಮ್ಮೆ ಜಯಲಕ್ಷ್ಮಮ್ಮನ ಕಾಲಿಗೆ ಚಪ್ಪಲಿ ಕಚ್ಚಿ ಆದ ಸಣ್ಣ ಗಾಯ ಮಾಯಲು ಇಡೀ ಮಳೆಗಾಲ ಹಿಡಿದಿತ್ತು. ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಸಾಯಿ, "ಇನ್ನು ಇವರ ಮೈಗೆ ಸುಟ್ಟ ಗಾಯ ಆಗಲೇಕೂಡದು," ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ಜಯಲಕ್ಷ್ಮಮ್ಮ ಮುದ್ರೆ ಬಿಟ್ಟಿದ್ದರು, ಮುನಿಸಿಕೊಂಡೇ.

ಲೇಖನವನ್ನು ಯಾರೋ ತಮಿಳಿಗೆ ತಿರುಗಿಸಿ, ಅದರಲ್ಲಿಲ್ಲದ ತಲೆಬರಹ ಅಂಟಿಸಿ ಮೊಬೈಲಿನಲ್ಲಿ ಹರಿಯಬಿಟ್ಟರು. ಪಕ್ಷವೊಂದರ ಸ್ಥಳೀಯ ಮುಖಂಡನೊಬ್ಬ ಧಾರ್ಮಿಕ ಭಾವನೆಗೆ ನೋವಾಗಿದೆಯೆಂದು ಪೊಲೀಸ್ ಠಾಣೆಗೆ ದೂರು ಕೊಟ್ಟ. ಆ ವಾರವೇ ವಿಷ್ಣುತೀರ್ಥರು ಮನೆಗೆ ಬಂದರು.

ವಿಷ್ಣುತೀರ್ಥರು ಜಯಲಕ್ಷ್ಮಮ್ಮನ ಅಣ್ಣ, ಮಠದ ಶಾಖೆಯ ಸಮಿತಿಗೆ ಅಧ್ಯಕ್ಷರು. ತಂದೆಯಿಲ್ಲದ ಸುಘೋಷನ ಉಪನಯನ, ಓದು, ಮದುವೆ ಎಲ್ಲಕ್ಕೂ ಮುಂದೆ ನಿಂತವರು. ಅವರ ಹಿಂದೆಯೇ ಹೆಂಡತಿಯೂ ಬಂದು ತುಂಗಾಳ ಜೊತೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನೀನ್ ಬರ್ದಿದ್ದನ್ನ ಓದ್ದೆ ಕಣಯ್ಯಾ," ಎಂದರು ಮಾವ, ಶಲ್ಯ ಸರಿಮಾಡಿಕೊಂಡು. "ಕನ್ನಡ ಚೆನ್ನಾಗಿದೆ. ಬುದ್ಧಿ ಚೆನ್ನಾಗಿಲ್ಲ."

"ಮುದ್ರೆ ಹಾಕಿಸ್ಕೋಬೇಡಿ ಅಂತ ನಾನು ಬರ್ದಿಲ್ಲ ಮಾವ. ಕೇಳಿ ಹಾಕಿ ಅಂತ ಬರ್ದಿದೀನಿ."

"ಕೇಳೋದೇನು ಬಂತು? ನಿನಗೆ ಹೆಸರಿಡೋವಾಗ ನಿನ್ನ ಕೇಳಿದ್ವಾ?"

"ಹೆಸರಿಟ್ರೆ ಬೊಬ್ಬೆ ಏಳಲ್ಲ ಮಾವ."

"ನನಗೂ ಎದ್ದಿದೆ, ನಮ್ಮಪ್ಪನಿಗೂ ಎದ್ದಿತ್ತು. ಯಾರು ಸತ್ತಿದಾರೆ ಹೇಳು? ನಿನಗೆ ನಂಬಿಕೆ ಇಲ್ಲ, ಸರಿ. ಇರೋವ್ರ ಅನ್ನಕ್ಕೆ ಮಣ್ಣು ಯಾಕೆ ಹಾಕ್ತೀಯಾ? ಸ್ಟೇಷನ್ನಿಂದ ಫೋನ್ ಬಂದಿತ್ತು. ನಾನು ಒಂದು ಮಾತು ಹೇಳಿದ್ರೆ ಆ ಮನುಷ್ಯ ದೂರು ವಾಪಸ್ ತಗೋತಾನೆ. ಆದ್ರೆ ನಾನು ಹೇಳೋದಕ್ಕೆ ನೀನು ನನ್ನ ಮುಖ ಉಳಿಸ್ಬೇಕು."

"ಏನ್ ಮಾಡ್ಬೇಕು?"

"ಏಕಾದಶಿ ದಿವಸ ಮಠಕ್ಕೆ ಬಂದು ಎಲ್ಲರೆದುರು ತಪ್ಪಾಯ್ತು ಅನ್ನು. ನೀನೂ ಮುದ್ರೆ ಹಾಕಿಸ್ಕೋ, ನಿಮ್ಮಮ್ಮನೂ ಹಾಕಿಸ್ಕೊಳ್ಳಲಿ. ಆ ಮನೆಯವರು ಮುದ್ರೆಗೆ ಹೆದರೋರಲ್ಲ ಅಂತ ಜನ ನೋಡ್ಬೇಕು. ಅಷ್ಟೇ."

"ಅಮ್ಮನಿಗೆ ಶುಗರ್ ಇದೆ ಮಾವ."

"ನಿಮ್ಮತ್ತೆಗೂ ಇದೆ. ವರ್ಷ ವರ್ಷ ಹಾಕಿಸ್ಕೋತಾಳೆ. ಕೇಳು ಬೇಕಾದ್ರೆ."

ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆ ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಸುಘೋಷ ಅಂದು ಗಟ್ಟಿಯಾಗಿಯೇ ಆಗುವುದಿಲ್ಲ ಎಂದ. ಮಾವ ಕಾಫಿ ಮುಟ್ಟದೆ ಎದ್ದುಹೋದರು.

ಮುಂದಿನ ಶುಕ್ರವಾರ ಜಯಲಕ್ಷ್ಮಮ್ಮ ಭಜನೆಗೆ ಹೋದವರು ಎಂದಿಗಿಂತ ಮುಂಚೆಯೇ ಆಟೋದಲ್ಲಿ ವಾಪಸ್ ಬಂದರು. ಮುಂದಿನ ಸಾಲಿನ ಅವರ ಜಾಗದಲ್ಲಿ ಬೇರೆ ಯಾರೋ ಕೂತಿದ್ದರಂತೆ. ಹಿಂದೆ ಕೂರಲು ಹೋದರೆ ಅಲ್ಲಿದ್ದವರು ಎದ್ದು ಬೇರೆ ಕಡೆ ಕೂತರಂತೆ. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಆರತಿ ತಟ್ಟೆ ಮಾತ್ರ ಅವರ ಮುಂದೆ ಬರುವಾಗ ದಾಟಿ ಹೋಯಿತು.

"ನಾನೇನೂ ಬರ್ದಿಲ್ವಲ್ಲೋ," ಎಂದರು ಮಗನಿಗೆ. "ನನ್ನ ಹಾಡು ಏನ್ ಮಾಡಿತ್ತು?"

ಅವರು ಅಳಲಿಲ್ಲ, ಜಗಳವಾಡಲಿಲ್ಲ. ತಾಳವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಹುಳಿಗೆ ಉಪ್ಪು ಮರೆಯತೊಡಗಿದರು, ಊಟಕ್ಕೆ ಕೂತರೆ ಎರಡು ತುತ್ತಿಗೇ ಏಳತೊಡಗಿದರು. ಮಾತ್ರೆ ನುಂಗಿದೆಯಾ ಎಂದು ಕೇಳಿದರೆ, "ಯಾಕೆ ನುಂಗ್ಬೇಕು?" ಎನ್ನುತ್ತಿದ್ದರು. ಬೆಳಗಿನ ಸ್ತೋತ್ರ ಮೆಲ್ಲಗಾಗಿ, ಕೊನೆಗೆ ತುಟಿಯಲ್ಲಷ್ಟೇ ಉಳಿಯಿತು. ಠಾಣೆಯಿಂದ ಒಮ್ಮೆ ಪೇದೆ ಬಂದು ಬಾಗಿಲು ತಟ್ಟಿ, ಸಾರ್ ಅವರನ್ನು ಬರಹೇಳಿದ್ದಾರೆ ಎಂದು ಹೇಳಿಹೋದ. ಎದುರುಮನೆಯವರು ಕಿಟಕಿಯಿಂದ ನೋಡಿದರು. ಅಂದು ತುಂಗಾ, "ಏನ್ರೀ, ನಿಮ್ಮ ಬರವಣಿಗೆ ನಿಮ್ಮ ಹತ್ರ ಇರ್ಲಿ. ಅಮ್ಮನ ಮುಖ ಒಂದ್ಸಲ ನೋಡಿ," ಎಂದಳು.

ಓದುಗರೇ, ಅಧಿಕಾರವು ಬರಹಗಾರನ ಕೈ ಕಟ್ಟುವುದು ಯಾವಾಗಲೂ ಬೇಡಿಯಿಂದಲ್ಲ. ಅವನ ತಾಯಿಯ ಮುಂದೆ ಬಂದ ಆರತಿ ತಟ್ಟೆಯನ್ನು ಒಂದು ಮೊಳ ಆಚೆ ಸರಿಸಿದರೂ ಸಾಕು. ಸುಘೋಷ ಮಾವನಿಗೆ ಫೋನು ಮಾಡಿ, ಹೇಳಿದಂತೆ ಏಕಾದಶಿಗೆ ಬರುತ್ತೇವೆ ಎಂದ.

ಪಡಸಾಲೆಯ ಸಭೆಯಲ್ಲಿ ಅವನು ವಿಷಯ ಹೇಳಿದಾಗ ಕಿಟ್ಟಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಎಂಥದು ಮಾರಾಯ್ರೇ ಇದು? ನೀವು ಬರ್ದದ್ದು ಸುಳ್ಳು ಅಂತ ನಿಮಗೇ ಅನಿಸಿದ್ದುಂಟಾ?"

"ಸುಳ್ಳಲ್ಲ ಕಿಟ್ಟಣ್ಣ. ಆದರೆ ಅಮ್ಮ ಊಟ ಬಿಟ್ಟಿದಾಳೆ."

"ನೀವು ಬೇಕಾದ್ರೆ ಅಡ್ಡಬೀಳಿ, ಅದು ನಿಮ್ಮ ಬೆನ್ನು. ಪಡಸಾಲೆಯಲ್ಲಿ ಮಾತ್ರ ನಿಮ್ಮ ಕ್ಷಮಾಪಣೆ ಅಚ್ಚಾಗುದಿಲ್ಲ, ನೋಡಿ. ನನಗೂ ಮಠದವರು ಹೇಳಿ ಆಯ್ತು, ಮೇಲೆ ಸಭೆ ಮಾಡ್ಲಿಕ್ಕೆ ಕೊಡಬೇಡ ಅಂತ. ನಾನು ಕೊಡ್ತೇನೆ ಅಂದೆ. ನನಗೇನು ಓದ್ಲಿಕ್ಕೆ ಅಷ್ಟು ಬರ್ತದಾ? ನೀವೆಲ್ಲ ಮಾತಾಡುದು ಕೇಳ್ಲಿಕ್ಕೆ ಚಂದ ಆಗ್ತದೆ, ಅದಕ್ಕೆ."

ರಂಜನಿ ಅಪ್ಪನ ಪಕ್ಕದಲ್ಲೇ ಕೂತಿದ್ದಳು. ಮನೆಗೆ ಬರುವಾಗ ಟ್ರೇನಿನಲ್ಲಿ ಅವಳು ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳು:

"ಅಪ್ಪಾ, ನೀನು ಹಾಕಿಸ್ಕೋ, ಓಕೆ. ಅಜ್ಜಿ ಎದುಕ್ಕು? ಡಾಕ್ಟರ್ ಏನ್ ಹೇಳಿದಾರೆ, ನಿನಗೆ ತೆರಿಯಾದಾ?"

"ಗೊತ್ತು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗೋಗತ್ತೆ ಕಣೇ. ತಕ್ಷಣ ಔಷಧಿ ಹಚ್ಚೋಣ."

"ಇದನ್ನ ಬೇರೆ ಯಾರಾದ್ರೂ ಹೇಳಿದ್ರೆ ನೀನು ಒಂದು ಆರ್ಟಿಕಲ್ ಬರೀತಿದ್ದೆ."

ಅವನು ಕಿಟಕಿಯಾಚೆ ನೋಡಿದ. ಸೈದಾಪೇಟೆ ದಾಟುತ್ತಿತ್ತು. ಅವಳು ಸರಿ ಎಂದು ಅವನಿಗೆ ಆಗಲೇ ಗೊತ್ತಿತ್ತು. ಮುಂದೆ ಅವನನ್ನು ಕಾಡಿದ್ದು ಅದೇ. ಗೊತ್ತಿಲ್ಲದೆ ಮಾಡಿದೆ ಎನ್ನುವ ಸಮಾಧಾನವೂ ಅವನಿಗೆ ಉಳಿದಿರಲಿಲ್ಲ.

ಏಕಾದಶಿಯಂದು ಜಯಲಕ್ಷ್ಮಮ್ಮ ಬೆಳಗಿನ ಜಾವವೇ ಎದ್ದು ತಲೆಗೆ ಸ್ನಾನ ಮಾಡಿ, ಮದುವೆಯಲ್ಲಿ ತವರಿನವರು ಕೊಟ್ಟ ರೇಷ್ಮೆ ಉಟ್ಟಿದ್ದರು. ಎಷ್ಟೋ ದಿನದ ಮೇಲೆ ಸ್ತೋತ್ರ ಗಟ್ಟಿಯಾಗಿ ಕೇಳಿಸಿತು. ಅದನ್ನು ಕೇಳಿ ಸುಘೋಷ ತಾನು ಮಾಡುತ್ತಿರುವುದು ಸರಿಯೇ ಇರಬೇಕು ಎಂದುಕೊಂಡ. ರಂಜನಿ ಜೊತೆಗೆ ಬರಲಿಲ್ಲ.

ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಮದ ಹೊಗೆ ಕಣ್ಣು ಕಟ್ಟುತ್ತಿತ್ತು. ಮಾವ ಮೈಕು ಹಿಡಿದು ಅವನನ್ನು ಕರೆದರು. ಅವನು ಬರೆದುತಂದಿದ್ದ ನಾಲ್ಕು ಸಾಲು ಓದಿದ: ನನ್ನ ಬರಹದಿಂದ ನೊಂದವರೆಲ್ಲರ ಕ್ಷಮೆ ಕೇಳುತ್ತೇನೆ, ನಮ್ಮ ಹಿರಿಯರ ಆಚಾರದಲ್ಲಿ ನನಗೆ ಗೌರವವಿದೆ. ಅವನು ಅದುವರೆಗೆ ಬರೆದುದರಲ್ಲೆಲ್ಲ ಅತಿ ಹೆಚ್ಚು ಜನ ಕೇಳಿದ್ದು ಆ ನಾಲ್ಕು ಸಾಲನ್ನು. ದೂರು ಕೊಟ್ಟಿದ್ದ ಮುಖಂಡ ಮುಂದಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದ. ಯಾರೋ ಅದರ ವಿಡಿಯೋ ತೆಗೆದರು.

ಆಮೇಲೆ ಸಾಲು. ಮೊದಲು ಅತ್ತೆ, ಅವರ ಹಿಂದೆ ಜಯಲಕ್ಷ್ಮಮ್ಮ, ಅವರ ಪಕ್ಕದಲ್ಲಿ ಕೈಹಿಡಿದು ಸುಘೋಷ, ಆಚೆ ವಿಷ್ಣುತೀರ್ಥರು. ಸ್ವಾಮಿಗಳು ವಯಸ್ಸಾದವರು, ಮೆತ್ತನೆಯ ದನಿಯವರು. ಬೆಂಕಿಯ ಪಕ್ಕದಲ್ಲಿ ಬೆಳಗಿನಿಂದ ಕೂತು ಅವರ ಮುಖವೂ ಕೆಂಪಾಗಿತ್ತು. ಅತ್ತೆ ಕೈ ಚಾಚಿದಾಗ ಅವರು ಅಚ್ಚನ್ನು ತಡೆದು ಹಿಡಿದು ಕೇಳಿದರು:

"ತಾಯಿ, ಸಕ್ಕರೆ ಕಾಯಿಲೆ ಏನಾದರೂ ಇದೆಯೇ?"

ಸುಘೋಷ ತಲೆಯೆತ್ತಿ ಅವರನ್ನು ನೋಡಿದ. ಆ ಪ್ರಶ್ನೆಯನ್ನು ಆ ಪೀಠದಿಂದ ಯಾರೂ ಕೇಳಿದ್ದನ್ನು ಅವನು ಕಂಡಿರಲಿಲ್ಲ. ಅದು ಅವನದೇ ಪ್ರಶ್ನೆ. ಪಡಸಾಲೆಯ ತೆಳ್ಳನೆಯ ಹಾಳೆಯಲ್ಲಿ ಅವನು ಬರೆದದ್ದನ್ನು ಈ ಮುದುಕರು ಓದಿದ್ದರು. ಓದಿ, ಸಿಟ್ಟಾಗದೆ, ಕೇಳುತ್ತಿದ್ದರು.

"ಇಲ್ಲ ಗುರುಗಳೇ," ಎಂದರು ಅತ್ತೆ. ಮುದ್ರೆ ಬಿತ್ತು.

ಜಯಲಕ್ಷ್ಮಮ್ಮನ ಸರದಿ ಬಂತು. ಅದೇ ಪ್ರಶ್ನೆ.

ಅವರು ಮಗನ ಮುಖ ನೋಡಿದರು. ಕೇಳಿಕೊಳ್ಳುವ ನೋಟ ಅದು. ಸುಳ್ಳಾಡಲು ಅಪ್ಪಣೆ ಬೇಡಿದಂತೆ. ಮಾವ ಅವನ ಮೊಣಕೈಯನ್ನು ಮೆಲ್ಲಗೆ ಒತ್ತಿದರು. ಹಿಂದಿನ ಸಾಲಿನವರು ಕತ್ತು ಚಾಚಿ ನೋಡುತ್ತಿದ್ದರು. 'ಇದೆ' ಎಂಬ ಒಂದು ಮಾತು ಸಾಕಿತ್ತು. ಸ್ವಾಮಿಗಳು ಅಕ್ಷತೆ ಕೊಟ್ಟು ಕಳಿಸುತ್ತಿದ್ದರೋ ಏನೋ. ಆದರೆ ಈಗತಾನೆ ಕ್ಷಮೆ ಕೇಳಿದವನು ಮತ್ತೆ ಬಾಯಿ ತೆರೆದರೆ ಜನ ಏನೆಂದುಕೊಂಡಾರು ಎಂಬುದೊಂದೇ ಅವನ ತಲೆಯಲ್ಲಿತ್ತು. ಅವನು ನೆಲ ನೋಡಿದ.

"ಇಲ್ಲ," ಎಂದರು ತಾಯಿ, ಎರಡೂ ಕೈ ಮುಂದೆ ಚಾಚಿ.

ಸಣ್ಣಗೆ ಚುಯ್ ಎಂದಿತು. ಅವರು ತುಟಿ ಕಚ್ಚಿಕೊಂಡರು, ಕೂಗಲಿಲ್ಲ. ಆಮೇಲೆ ಅವನೂ ಅಂಗಿ ತೆಗೆದು ತೋಳು ಒಡ್ಡಿದ. ಅವನನ್ನು ಸ್ವಾಮಿಗಳು ಏನೂ ಕೇಳಲಿಲ್ಲ. ಕ್ಷಣಹೊತ್ತು ಅವನ ಮುಖವನ್ನೇ ನೋಡಿ, ಒತ್ತಿದರು.

ಮನೆಗೆ ಬಂದ ಮೇಲೆ ಸುಘೋಷ ಮುಲಾಮು ತಂದ. ಜಯಲಕ್ಷ್ಮಮ್ಮ ಕೈ ಹಿಂದೆಳೆದುಕೊಂಡರು. ಮುದ್ರೆಯ ಮೇಲೆ ಗೋಪಿಚಂದನ ಬಿಟ್ಟು ಬೇರೇನೂ ಸೋಕಬಾರದೆಂದು ಅಣ್ಣ ಹೇಳಿ ಕಳಿಸಿದ್ದರು. ಅವನು ಒತ್ತಾಯಿಸಲಿಲ್ಲ. ಮುಂದಿನ ಶುಕ್ರವಾರ ಅವರು ಮುಂದಿನ ಸಾಲಿನಲ್ಲಿ ಕೂತು ಹಾಡಿ ಬಂದರು. ಎಲ್ಲರೂ ಮಾತಾಡಿಸಿದರಂತೆ. "ಎಲ್ಲಾ ಸರಿಹೋಯ್ತು ಕಣೋ," ಎಂದು ಮಗನ ತಲೆ ಸವರಿದರು. ಆ ಕೈ ಬಿಸಿಯಾಗಿತ್ತು.

ಗೋಪಿಚಂದನದ ಹಕ್ಕಳೆಯ ಕೆಳಗೆ ಗಾಯ ಹಸಿಯಾಗಿಯೇ ಇತ್ತು. ಜಯಲಕ್ಷ್ಮಮ್ಮ ಸೆರಗು ಹೊದ್ದು ಮುಚ್ಚಿಟ್ಟರು. ಬಟ್ಟೆ ಒಣಹಾಕುವಾಗ ಸೀರೆಯ ತುದಿಯಲ್ಲಿ ಕೀವಿನ ಕಲೆ ಕಂಡು ತುಂಗಾ ಕೇಳಿದರೆ ಅರಿಸಿನ ಎಂದರು. ಸುಘೋಷನಿಗೂ ಅನುಮಾನವಿತ್ತು. ಡಾಕ್ಟರ್ ಸಾಯಿಯವರ ಬಳಿ ಹೋಗೋಣವೆಂದರೆ ಅವರು, ಇದೇನು ಗಾಯ ಎಂದು ಕೇಳುತ್ತಾರಲ್ಲ! ತಾನೇ ಆ ಲೇಖನದ ಪ್ರತಿಯನ್ನು ಹೆಮ್ಮೆಯಿಂದ ಅವರ ಮೇಜಿನ ಮೇಲಿಟ್ಟು, ಏನಿದೆಯೆಂದು ತಮಿಳಿನಲ್ಲಿ ವಿವರಿಸಿ ಬಂದಿದ್ದ. ನಾಳೆ, ನಾಡಿದ್ದು ಎಂದು ದಿನ ತಳ್ಳಿದ. ನಾಚಿಕೆಗೆ ಇಷ್ಟು ದೊಡ್ಡ ಬೆಲೆ ಇರಬಹುದೆಂದು ಅವನಿಗೆ ತೋಚಲಿಲ್ಲ.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟ ರಂಜನಿ ಅಜ್ಜಿಗೆ ಹೋಗಿಬರುತ್ತೇನೆಂದು ಹೇಳಲು ಕೋಣೆಗೆ ಹೋದವಳು ಚೀರಿದಳು. ಜಯಲಕ್ಷ್ಮಮ್ಮ ಮೈಮೇಲೆ ಎಚ್ಚರವಿಲ್ಲದೆ ಏನೇನೋ ಬಡಬಡಿಸುತ್ತಿದ್ದರು. ಎಡಗೈ ಮೊಣಕೈವರೆಗೂ ಊದಿ ಕಪ್ಪಿಟ್ಟಿತ್ತು. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವೈದ್ಯೆ ಗಾಯ ನೋಡಿ, ಇದು ಹೇಗಾಯಿತು ಎಂದು ತಮಿಳಿನಲ್ಲಿ ಕೇಳಿದಳು.

"ಅಡುಗೆಮನೆಯಲ್ಲಿ... ಬಿಸಿ ಪಾತ್ರೆ," ಎಂದ ಸುಘೋಷ.

ರಂಜನಿ ಅಪ್ಪನ ಕಡೆ ನೋಡಲೂ ಇಲ್ಲ. "ಪಾತ್ರೆ ಅಲ್ಲ ಡಾಕ್ಟರ್. ಕಾಯಿಸಿದ ಮುದ್ರೆ ಒತ್ತಿದಾರೆ. ಒತ್ತಿಸಿದ್ದು ನಾವು," ಎಂದು ತಮಿಳಿನಲ್ಲಿ ನೆಟ್ಟಗೆ ಹೇಳಿದಳು. ವೈದ್ಯೆ ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿ ಇವನ ಓದಿದ ಮುಖ, ಕನ್ನಡಕ, ಕಚೇರಿಯ ಅಂಗಿ ಎಲ್ಲವನ್ನೂ ಒಮ್ಮೆ ನೋಡಿದಳು.

ಸೋಂಕು ರಕ್ತಕ್ಕೆ ಇಳಿದಿತ್ತು. ಜಯಲಕ್ಷ್ಮಮ್ಮ ನಡುವೆ ಒಮ್ಮೆ ಕಣ್ಣು ತೆರೆದು ಮಗನನ್ನು ಗುರುತಿಸಿದರು. "ನಾನೇ ಇಲ್ಲ ಅಂದಿದ್ದು. ನೀನಲ್ಲ," ಎಂದರು. ಅದು ಕ್ಷಮೆಯೋ, ತಾಯಿಯ ಸುಳ್ಳೋ, ಅವನಿಗೆ ಕೇಳಲಾಗಲಿಲ್ಲ. ಮಾರನೆಯ ಮಧ್ಯಾಹ್ನ ತೀರಿಕೊಂಡರು.

ಸುಘೋಷ ದೇವರನ್ನು ನಂಬದವನು, ಆದರೂ ತಾಯಿ ನಂಬಿದ್ದರೆಂದು ಕರ್ಮವನ್ನೆಲ್ಲ ಬಿಡದೆ ಮಾಡಿದ. ಪಿಂಡ ಇಡುವಾಗ ತೋಳಿನ ಗಾಯಕ್ಕೆ ಜನಿವಾರ ತಾಗಿ ಉರಿಯುತ್ತಿತ್ತು, ಉರಿಯಲಿ ಎಂದುಕೊಳ್ಳುತ್ತಿದ್ದ. ರಂಜನಿ ಅವನಿಗೆ ನೀರು ತಂದಿಡುತ್ತಿದ್ದಳು, ಊಟಕ್ಕೆ ಕರೆಯುತ್ತಿದ್ದಳು, ಬೇರೆ ಮಾತಿಲ್ಲ. ಕಿಟ್ಟಣ್ಣ ಬಂದು ಒಂದು ಗಂಟೆ ಸುಮ್ಮನೆ ಜಗಲಿಯಲ್ಲಿ ಕೂತು ಹೋದರು.

ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮಠದ ಛತ್ರದಲ್ಲಿ. ಸ್ವಾಮಿಗಳು ಚಾತುರ್ಮಾಸ್ಯಕ್ಕೆಂದು ಆಗಲೇ ಬೇರೆ ಊರಿಗೆ ಹೋಗಿದ್ದರು. ಎಲೆ ಹಾಕಿ ಪಾಯಸ ಬಡಿಸುವ ಮುಂಚೆ ವಿಷ್ಣುತೀರ್ಥರು ಮೈಕು ತೆಗೆದುಕೊಂಡರು. ತಂಗಿಯ ಸಾವಿನಿಂದ ಅವರೂ ಇಳಿದುಹೋಗಿದ್ದರು. ದನಿ ಒಡೆದಿತ್ತು.

"ನನ್ನ ತಂಗಿ ಪುಣ್ಯವಂತೆ. ಏಕಾದಶಿ ದಿವಸ ಗುರುಗಳ ಕೈಯಿಂದ ಮುದ್ರೆ ಪಡೆದು, ಆ ಗುರುತು ಮಾಸೋ ಮುಂಚೆ ಹೊರಟುಹೋದ್ಲು. ಇಂಥ ಸಾವು ಕೇಳಿಕೊಂಡ್ರೂ ಸಿಗಲ್ಲ. ಇದರ ಬಗ್ಗೆ ನಮ್ಮ ಸುಘೋಷನೇ ಮಠದ ಪತ್ರಿಕೆಗೆ ಒಂದು ಲೇಖನ ಬರ್ದುಕೊಡ್ತಾನೆ. ಅವನ ಕನ್ನಡ ನಿಮಗೆಲ್ಲ ಗೊತ್ತು."

ಸಾಲಿನಲ್ಲಿ ಕೂತವರು ಕೈಮುಗಿದರು. ತಾಯಿಯ ತೊಡೆಯ ಮೇಲೆ ಕೂತಿದ್ದ ಮಗುವೊಂದು ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಕದಡುತ್ತಿತ್ತು. ಸುಘೋಷನಿಗೆ ಆ ಮಾತು ಮೊದಲು ದೂರದಿಂದ ಬಂದಂತೆ ಕೇಳಿಸಿತು. ಕೊಂದದ್ದನ್ನು ಪುಣ್ಯವೆಂದು ಬರೆಯಲು ತನ್ನ ಕನ್ನಡ ಬೇಕಂತೆ. ಅವನು ಎದ್ದು ಮಾವನ ಕೈಯಿಂದ ಮೈಕು ತೆಗೆದುಕೊಂಡ. ಮಾವ ಕಣ್ಣೊರೆಸಿಕೊಳ್ಳುತ್ತ ಬಿಟ್ಟುಕೊಟ್ಟರು.

"ನಮ್ಮಮ್ಮ ಸುಟ್ಟಗಾಯಕ್ಕೆ ಕೀವಾಗಿ ಸತ್ತರು," ಎಂದ. ದನಿ ತನ್ನದಲ್ಲವೆನಿಸಿತು. "ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಸುಡಕೂಡದು ಅಂತ ಡಾಕ್ಟರ್ ಹೇಳಿದ್ದರು. ಗುರುಗಳು ಕೇಳಿದರು, ಕಾಯಿಲೆ ಇದೆಯೇ ಅಂತ. ನೀವೂ ಅಲ್ಲೇ ಇದ್ದಿರಿ, ನಾನೂ ಅಲ್ಲೇ ಇದ್ದೆ. ಅಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೇಳಬೇಕು ಕೇಳಬೇಕು ಅಂತ ಊರಿಗೆಲ್ಲ ಬರೆದವನು ನಾನು. ಕೇಳಿದಾಗ ಹೇಳಲಿಲ್ಲ."

"ಸುಘೋಷ, ಕೂತ್ಕೋ. ಇದು ಜಾಗ ಅಲ್ಲ," ಎಂದರು ಮಾವ.

"ಆವತ್ತು ನಾನು ಇಲ್ಲೇ ಓದಿದ ಕ್ಷಮಾಪಣೆ ಸುಳ್ಳು. ಅದನ್ನ ವಾಪಸ್ ತಗೋತೀನಿ. ಠಾಣೆಗೆ ಕರೆದರೆ ಅಲ್ಲೂ ಇದನ್ನೇ ಹೇಳ್ತೀನಿ. ನನ್ನ ತಾಯಿ ಸಾವನ್ನ ಪುಣ್ಯ ಅಂತ ನಾನು ಬರೆಯಲ್ಲ. ನಿಮ್ಮ ಕೂಸುಗಳನ್ನ, ನಿಮ್ಮ ಮುದುಕರನ್ನ ಆ ಸಾಲಿಗೆ ತರೋ ಮುಂಚೆ ದಯವಿಟ್ಟು..."

ಯಾರೋ ಮೈಕಿನ ತಂತಿ ಕಿತ್ತರು. ಗದ್ದಲವೆದ್ದಿತು. ತಾಯಿ ಸತ್ತ ಹದಿಮೂರನೇ ದಿನ ಇವನ ನಾಲಿಗೆ ನೋಡಿ ಎಂದರು ಒಬ್ಬರು. ಇನ್ನೊಬ್ಬರು ಎಲೆ ಬಿಟ್ಟು ಎದ್ದರು. ಸುಘೋಷ ನಿಂತಲ್ಲೇ ನಿಂತಿದ್ದ. ಅವನಿಗೆ ಹಗುರವೆನಿಸಲಿಲ್ಲ. ಹೇಳಬೇಕಾದಾಗ ಹೇಳದೆ ಈಗ ಹೇಳಿದ ಮಾತು ತಾಯಿಯನ್ನು ಎಬ್ಬಿಸುವಂತಿರಲಿಲ್ಲ.

ಆಗ ಹೆಂಗಸರ ಸಾಲಿನಿಂದ ಅತ್ತೆ ಎದ್ದು ಬಂದರು. ಜನರ ನಡುವೆ ದಾರಿ ಮಾಡಿಕೊಂಡು, ಸುಘೋಷನ ಎದುರು ನಿಂತು, ಸೆರಗು ಸರಿಸಿ ಬಲಗೈ ಮುಂದೆ ಮಾಡಿದರು. ಗೋಪಿಚಂದನ ಬಿರುಕುಬಿಟ್ಟಿತ್ತು, ಬಿರುಕಿನಲ್ಲಿ ಹಳದಿ ಕೀವು. ಮಣಿಕಟ್ಟಿನಿಂದ ಮೇಲಕ್ಕೆ ಕೆಂಪಗೆ ಬಾವು ಏರಿತ್ತು.

"ನಿನ್ನೆಯಿಂದ ಜ್ವರ ಬರ್ತಿದೆ ಸುಘೋಷ," ಎಂದರು ಮೆಲ್ಲಗೆ. "ಇವರ ಹತ್ರ ಹೇಳ್ಲಿಲ್ಲ. ಹೆದರಿಕೆ ಆಗ್ತಿದೆ ಕಣೋ."

ವಿಷ್ಣುತೀರ್ಥರು ಹೆಂಡತಿಯ ಕೈಯನ್ನು ನೋಡಿದರು. ಆಮೇಲೆ ಸಾಲಾಗಿ ಹಾಕಿದ್ದ ಎಲೆಗಳ ಕಡೆ ತಿರುಗಿದರು.

"ಊಟ ಆಗ್ಲಿ. ಊಟ ಆದ ಮೇಲೆ ನೋಡೋಣ. ಎಲೆ ಹಾಕಿದೆ. ಕರ್ತೃ ಎದ್ದುಹೋದ್ರೆ ಜಯಾಳ ಕಾರ್ಯ ಅರ್ಧಕ್ಕೆ ನಿಲ್ಲತ್ತೆ."

"ನೀವು ಊಟ ಮಾಡಿ," ಎಂದರು ಅತ್ತೆ. ಮದುವೆಯಾದಾಗಿನಿಂದ ಗಂಡನಿಗೆ ಎದುರಾಡದ ಆ ಹೆಂಗಸು ಅಷ್ಟು ಹೇಳಿ ಚಪ್ಪಲಿ ಬಿಟ್ಟಿದ್ದ ಕಡೆ ನಡೆದರು.

ಸುಘೋಷ ಒದ್ದೆ ಪಂಚೆಯಲ್ಲೇ ಹೊರಟ. ಎಲೆಯ ಮೇಲೆ ಅವನಿಗೆ ಬಡಿಸಿದ್ದ ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ತುಂಗಾ ಕೈಚೀಲ ತಂದುಕೊಟ್ಟಳು, ತಡೆಯಲಿಲ್ಲ. ಬಾಗಿಲಲ್ಲಿ ರಂಜನಿ ಆಗಲೇ ಆಟೋ ನಿಲ್ಲಿಸಿದ್ದಳು. ಅವಳು ಅತ್ತೆಯ ಪಕ್ಕ ಕೂತು, ಗಾಯವಿಲ್ಲದ ಕೈಯನ್ನು ಹಿಡಿದುಕೊಂಡು, "ಅಣ್ಣಾ, ಶೀಕ್ರಂ ಪೋಂಗ," ಎಂದು ಆಟೋದವನನ್ನು ಅವಸರಪಡಿಸಿದಳು. ಅಪ್ಪನ ಕಡೆ ತಿರುಗಲಿಲ್ಲ. ತಿರುಗಬೇಕೆಂದು ಅವನೂ ಬಯಸಲಿಲ್ಲ. ಮುಂದುಗಡೆ ಆಟೋದವನ ಪಕ್ಕ ಒತ್ತಿಕೊಂಡು ಕೂತ.

ಈ ಸಲ ಹೊತ್ತು ಮೀರಿರಲಿಲ್ಲ. ಗಾಯ ತೊಳೆದು, ಕೆಟ್ಟ ಮಾಂಸ ತೆಗೆದು, ಅತ್ತೆಯನ್ನು ವಾರ್ಡಿನಲ್ಲಿ ಮಲಗಿಸಿದರು. ಕೈ ಉಳಿಯುತ್ತದೆ, ಆದರೆ ವಾರಗಟ್ಟಲೆ ನೋಡಿಕೊಳ್ಳಬೇಕು ಎಂದರು. ಸುಘೋಷ ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಪಡಸಾಲೆಗೆ ಬರೆಯತೊಡಗಿದ. ಒಂದು ಸಾಲು ಬರೆದು ಅಳಿಸಿದ, ಮತ್ತೆ ಬರೆದ. ಕಿಟ್ಟಣ್ಣನಿಗೆ ಫೋನು ಮಾಡಿ, ಮತ್ತೆ ದೂರು ಬರಬಹುದು ಎಂದಾಗ, "ಬರ್ಲಿ ಮಾರಾಯ್ರೇ. ಈ ಸಲ ಸ್ಟೇಷನ್ನಿಗೆ ನಾನೂ ಬರ್ತೇನೆ," ಎಂದರು ಕಿಟ್ಟಣ್ಣ.

ಸಂಜೆ ವಿಷ್ಣುತೀರ್ಥರು ಬಂದರು. ಕೈಯಲ್ಲೊಂದು ಚೀಲ, ಹೆಂಡತಿಗೆ ಬದಲಿ ಸೀರೆ, ಹಲ್ಲುಜ್ಜುವ ಬ್ರಷ್ಷು, ಸಕ್ಕರೆ ಕಾಯಿಲೆಯ ಮಾತ್ರೆ. ವಾರ್ಡಿನ ಗಾಜಿನ ಕಿಂಡಿಯಿಂದ ಒಳಗೆ ನೋಡಿ, ಒಳಗೆ ಹೋಗಲಾರದೆ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ರಂಜನಿ ಅವರಿಗೂ ಒಂದು ಲೋಟ ಚಹಾ ತಂದಿಟ್ಟು ಒಳಗೆ ಹೋದಳು.

"ಇದನ್ನೂ ಬರೀತೀಯಾ?" ಎಂದರು ಮಾವ ಕೊನೆಗೆ.

"ಬರೀತೀನಿ ಮಾವ."

"ನನ್ನ ಹೆಸರು?"

ಸುಘೋಷ ಮೊಬೈಲಿನಿಂದ ಕಣ್ಣೆತ್ತಿದ. ತನ್ನ ಉಪನಯನದಲ್ಲಿ ತಂದೆಯ ಜಾಗದಲ್ಲಿ ಕೂತಿದ್ದ ಮುಖ ಅದು.

"ಬರತ್ತೆ," ಎಂದ. "ಆದರೆ ಮೊದಲು ನನ್ನ ಹೆಸರು ಬರತ್ತೆ."